ತುಮಕೂರು ಅಡ್ರೆಸ್ಸಿನ ಆಧಾರ್ ಇದ್ದರೆ ಸಿಇಟಿ ಸರ್ಕಾರಿ ಸೀಟು ಸಿಗುತ್ತದೆಯೇ?

ಪಿಯುಸಿ ಪರೀಕ್ಷೆ ಹತ್ತಿರ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜು ಓಡಾಡತೊಡಗುತ್ತದೆ. ಮಾತು ಅಲ್ಲಿ ಇಲ್ಲಿ ಬದಲಾದರೂ ತಿರುಳು ಒಂದೇ: "ಬೇರೆ ರಾಜ್ಯದಿಂದ ಬಂದವರು ಕರ್ನಾಟಕದ ಅಡ್ರೆಸ್ಸಿಗೆ ಆಧಾರ್ ಬದಲಾಯಿಸಿ ಒಂದು ವರ್ಷ ಆದರೆ ಸಾಕು, ಮಕ್ಕಳಿಗೆ ಸಿಇಟಿಯಲ್ಲಿ ಸರ್ಕಾರಿ ಸೀಟು, ಕಡಿಮೆ ಫೀಸು. ಎಲ್ಲರಿಗೂ ತಿಳಿಸಿ."

ತಿಳಿಸಬೇಡಿ. ಇದು ಸುಳ್ಳು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಿಮ್ಮ ಮಗ ಅಥವಾ ಮಗಳು ಈಗ ಯಾವ ಮನೆಯಲ್ಲಿ ಇದ್ದಾರೆ ಎಂದು ಕೇಳುವುದಿಲ್ಲ. ಯಾವ ಯಾವ ವರ್ಷ ಯಾವ ಶಾಲೆಯ ಬೆಂಚಿನ ಮೇಲೆ ಕೂತಿದ್ದರು ಎಂದು ಕೇಳುತ್ತದೆ. ಆಧಾರ್, ರೇಷನ್ ಕಾರ್ಡು, ಬಾಡಿಗೆ ಕರಾರು, ಕರೆಂಟ್ ಬಿಲ್ಲು ಯಾವುದೂ ಆ ಪ್ರಶ್ನೆಗೆ ಉತ್ತರವಲ್ಲ. ಆಧಾರ್ ಕಾನೂನೇ ಇದನ್ನು ಬಿಡಿಸಿ ಹೇಳಿದೆ. 2016ರ ಆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಆಧಾರ್ ನಂಬರು ತಾನಾಗಿಯೇ ಪೌರತ್ವಕ್ಕೂ ಪುರಾವೆಯಲ್ಲ, ಒಂದು ಊರಿನ ಕಾಯಂ ನಿವಾಸಿ ಎನ್ನುವುದಕ್ಕೂ ಪುರಾವೆಯಲ್ಲ.

ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಹೇಳಬೇಕು ಎಂದರೆ, ತಪ್ಪಿದರೆ ಬೀಳುವ ಹೊಡೆತ ಸಣ್ಣದಲ್ಲ. ಈಚಿನ ವರ್ಷಗಳಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಕೋಟಾದ ಎಂಬಿಬಿಎಸ್ ಸೀಟಿಗೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಇದ್ದರೆ, ಅದೇ ಕಾಲೇಜಿನ, ಅದೇ ಕ್ಲಾಸಿನ ಖಾಸಗಿ ಸೀಟಿಗೆ ಹತ್ತು ಲಕ್ಷಕ್ಕೂ ಮೇಲೆ. ಎಂಜಿನಿಯರಿಂಗ್‌ನಲ್ಲೂ ಖಾಸಗಿ ಕಾಲೇಜುಗಳ ಸೀಟುಗಳಲ್ಲಿ ಒಂದು ಭಾಗ ಸಿಇಟಿ ಮೂಲಕ ಸರ್ಕಾರದ ದರಕ್ಕೆ, ಒಂದು ಭಾಗ ಕಾಮೆಡ್‌ಕೆ ಮೂಲಕ, ಉಳಿದದ್ದು ಮ್ಯಾನೇಜ್‌ಮೆಂಟಿಗೆ. ಕಾಮೆಡ್‌ಕೆಗೆ ದೇಶದ ಯಾವ ಮೂಲೆಯವರು ಬೇಕಾದರೂ ಬರೆಯಬಹುದು, ಆದರೆ ಫೀಸು ಸಿಇಟಿ ಸೀಟಿನ ಎರಡು ಮೂರು ಪಟ್ಟು. ಹಾಗಾಗಿ "ನಾವು ಕರ್ನಾಟಕದವರ ಲೆಕ್ಕಕ್ಕೆ ಬರುತ್ತೇವೋ ಇಲ್ಲವೋ" ಎನ್ನುವ ಒಂದೇ ಪ್ರಶ್ನೆ ನಾಲ್ಕೈದು ವರ್ಷದ ಸಾಲವನ್ನು ತೀರ್ಮಾನಿಸುತ್ತದೆ.

ಆರನೇ ಕ್ಲಾಸಿನ ಲೆಕ್ಕ

ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಿಗೆ 2006ರ ನಿಯಮಾವಳಿ ಇದೆ. ಅದರಲ್ಲಿ ಹೆಚ್ಚಿನ ಮಕ್ಕಳು ಬರುವುದು 'ಎ' ಕ್ಲಾಸ್ ಎಂದು ಕರೆಯುವ ದಾರಿಯಲ್ಲಿ. ಅದಕ್ಕೆ ಎರಡು ಷರತ್ತು. ಒಂದು, 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ 12 ವರ್ಷಗಳಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆ ಕಾಲೇಜಿನಲ್ಲಿ ಓದಿರಬೇಕು. ಎರಡು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲೇ ಬರೆದು ಪಾಸಾಗಿರಬೇಕು. ಸಿಬಿಎಸ್‌ಇ, ಐಸಿಎಸ್‌ಇ ಆದರೂ ಸರಿ, ಶಾಲೆ ಕರ್ನಾಟಕದಲ್ಲಿ ಇರಬೇಕು ಅಷ್ಟೆ.

ಈಗ ಲೆಕ್ಕ ಹಾಕಿ. ಹಿಂದೂಪುರದ ಒಂದು ಕುಟುಂಬ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ತುಮಕೂರಿಗೆ ಬಂತು ಎಂದುಕೊಳ್ಳೋಣ. ಮಗಳು ಇಲ್ಲಿ 6ನೇ ಕ್ಲಾಸಿಗೆ ಸೇರಿದರೆ 6, 7, 8, 9, 10, ಪ್ರಥಮ ಪಿಯು, ದ್ವಿತೀಯ ಪಿಯು: ಸರಿಯಾಗಿ ಏಳು. ಅವಳು ಸಿಇಟಿಯಲ್ಲಿ ಗುಬ್ಬಿಯಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಸಮ. ಒಂದು ವರ್ಷ ತಡವಾಗಿ, 7ನೇ ಕ್ಲಾಸಿಗೆ ಬಂದಿದ್ದರೆ ಆರೇ ವರ್ಷ. ಅಪ್ಪ ಅಷ್ಟರಲ್ಲಿ ಕ್ಯಾತ್ಸಂದ್ರದಲ್ಲಿ ಸ್ವಂತ ಮನೆ ಕಟ್ಟಿಸಿದ್ದರೂ, ಇಡೀ ಮನೆಯವರು ಇಲ್ಲೇ ವೋಟು ಹಾಕುತ್ತಿದ್ದರೂ 'ಎ' ದಾರಿ ಅವಳಿಗೆ ತೆರೆಯುವುದಿಲ್ಲ. ಪಾವಗಡದಂಥ, ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕಿನಲ್ಲಿ ಇದು ದಿನಬೆಳಗಿನ ಸಮಸ್ಯೆ. ಗಡಿ ದಾಟಿ ಹತ್ತಿರದ ಶಾಲೆಗೆ ಹೋಗಿದ್ದ ವರ್ಷಗಳು ಕರ್ನಾಟಕದ ಲೆಕ್ಕಕ್ಕೆ ಬರುವುದಿಲ್ಲ.

ಏಳು ವರ್ಷ ಒಂದೇ ಸಮನೆ ಇರಬೇಕೆಂದಿಲ್ಲ. ಮಧ್ಯೆ ಎರಡು ವರ್ಷ ಪುಣೆಗೆ ಹೋಗಿ ಬಂದಿದ್ದರೆ ಆ ಎರಡು ಬಿಟ್ಟು ಉಳಿದದ್ದನ್ನು ಕೂಡಿಸಿ. ಫೇಲಾಗಿ ಒಂದೇ ತರಗತಿಯಲ್ಲಿ ಎರಡು ವರ್ಷ ಕೂತಿದ್ದರೆ ಅದು ಒಂದೇ ವರ್ಷ. ಎಲ್‌ಕೆಜಿ, ಯುಕೆಜಿ ಎಣಿಕೆಗೇ ಇಲ್ಲ. ಇನ್ನೊಂದು ಕಡೆ ಜನ ಎಡವುತ್ತಾರೆ: 1ರಿಂದ 7ರವರೆಗೆ ಕುಣಿಗಲ್‌ನಲ್ಲಿ ಓದಿ, 8ರಿಂದ 12ರವರೆಗೆ ಹೈದರಾಬಾದಿನಲ್ಲಿ ಓದಿದ ಹುಡುಗನಿಗೆ ಏಳು ವರ್ಷವೇನೋ ಆಯಿತು, ಆದರೆ ಎಸ್ಸೆಸ್ಸೆಲ್ಸಿಯೂ ಇಲ್ಲಿಯದಲ್ಲ, ಪಿಯುಸಿಯೂ ಇಲ್ಲಿಯದಲ್ಲ. ಹಾಗಾಗಿ ಅವನೂ ಹೊರಗೆ.

ಹಾಗಾದರೆ ಈ "ಒಂದು ವರ್ಷ" ಎಲ್ಲಿಂದ ಬಂತು?

ನನ್ನ ಊಹೆ, ಎರಡು ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಆಧಾರ್ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ವಾಸವಿರಬೇಕು ಎಂಬ ನಿಯಮವಿದೆ. ಅದು ಭಾರತದಲ್ಲಿ ವಾಸದ ಮಾತು, ತುಮಕೂರಿನಲ್ಲಿ ವಾಸದ ಮಾತಲ್ಲ. ಇನ್ನೊಂದು ಅಮೆರಿಕದ ಕಥೆ. ಅಲ್ಲಿ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಆ ರಾಜ್ಯದವರಿಗೆ ಒಂದು ಫೀಸು, ಹೊರರಾಜ್ಯದವರಿಗೆ ಅದರ ಎರಡು ಮೂರು ಪಟ್ಟು ಫೀಸು. ಬಹಳಷ್ಟು ರಾಜ್ಯಗಳಲ್ಲಿ ಕನಿಷ್ಠ 12 ತಿಂಗಳು ಅಲ್ಲಿ ನೆಲೆಸಿ, ಇಲ್ಲೇ ಉಳಿಯುತ್ತೇವೆ ಎನ್ನುವುದಕ್ಕೆ ಡ್ರೈವಿಂಗ್ ಲೈಸೆನ್ಸು, ತೆರಿಗೆ ರಿಟರ್ನು ತೋರಿಸಿದರೆ ಕಡಿಮೆ ಫೀಸಿಗೆ ಅರ್ಹರಾಗುತ್ತಾರೆ. ಬರೀ ಓದುವುದಕ್ಕಾಗಿ ಬಂದು ಕೂತ ವರ್ಷವನ್ನು ಅಲ್ಲೂ ಸುಲಭಕ್ಕೆ ಒಪ್ಪುವುದಿಲ್ಲ. ನ್ಯೂಜೆರ್ಸಿಯ ಚಿಕ್ಕಪ್ಪ ಮನೆಯ ಗ್ರೂಪಿಗೆ ಇದನ್ನು ಹೇಳಿರುತ್ತಾರೆ, ನಾಲ್ಕು ಕೈ ದಾಟುವಷ್ಟರಲ್ಲಿ ಅದು ಕರ್ನಾಟಕದ ನಿಯಮವಾಗಿರುತ್ತದೆ!

ಮೂರನೆಯದು ನಾಡಕಚೇರಿಯ ವಾಸಸ್ಥಳ ದೃಢೀಕರಣ ಪತ್ರ. ಅದು ನಿಜವಾದ ಕಾಗದವೇ, ಬೇರೆ ಎಷ್ಟೋ ಕೆಲಸಕ್ಕೆ ಬೇಕು. ಆದರೆ 'ಎ' ಕ್ಲಾಸಿಗೆ ಅದು ವ್ಯಾಸಂಗ ಪ್ರಮಾಣಪತ್ರದ ಬದಲಿ ಆಗುವುದಿಲ್ಲ.

ಏಳು ವರ್ಷ ಇಲ್ಲದವರಿಗೆ ಇರುವ ಬಾಗಿಲುಗಳು

ಕುಣಿಗಲ್‌ನಲ್ಲಿ ಹೈಸ್ಕೂಲು ಮುಗಿಸಿ, ಮದುವೆಯಾಗಿ ಪುಣೆಗೆ ಹೋದ ತಾಯಿ. ಮಗ ಅಲ್ಲೇ 10ನೇ ಕ್ಲಾಸು ಮುಗಿಸಿದ. ಈಗ ಅಜ್ಜಿಮನೆಗೆ ಬಂದು ತುಮಕೂರಿನಲ್ಲಿ ಪಿಯುಸಿ ಓದುತ್ತಾನೆ. ಇವನಿಗೆ ದಾರಿ ಇದೆ. ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿ ಓದಿರಬೇಕು, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ತೊಂದರೆ ಕಾಗದದಲ್ಲಿ. ತಾಯಿ ಮೂವತ್ತು ವರ್ಷದ ಹಿಂದೆ ಓದಿದ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ಹುಡುಕಿಸಬೇಕು. ಶಾಲೆ ಇನ್ನೊಂದರ ಜೊತೆ ಸೇರಿಹೋಗಿರಬಹುದು, ತವರಿನ ಹೆಸರಿಗೂ ಈಗಿನ ಆಧಾರ್ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ಇರಬಹುದು. ಇದನ್ನು ಕೌನ್ಸೆಲಿಂಗ್ ವಾರದಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ. ಮಗ ಪ್ರಥಮ ಪಿಯುಗೆ ಸೇರಿದ ದಿನವೇ ಶುರು ಮಾಡಿ.

ಈ ನಿಯಮದಲ್ಲಿ ನನಗೆ ಚುಚ್ಚುವುದು ಒಂದಿದೆ. ಇಲ್ಲಿ ಎಣಿಸುವುದು ಅಪ್ಪ ಅಮ್ಮ ಓದಿದ ವರ್ಷ, ಬಾಳಿದ ವರ್ಷವಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಯ ಹೋಟೆಲಿಗೆ ಕೆಲಸಕ್ಕೆ ಹೋದವರು ಕುಣಿಗಲ್ ಮಣ್ಣಿನವರೇ ಆದರೂ ಅವರ ಮಕ್ಕಳಿಗೆ ಈ ಬಾಗಿಲು ತೆರೆಯುವುದಿಲ್ಲ. ಓದಿದವರ ಮಕ್ಕಳಿಗೆ ವಾಪಸು ಬರುವುದು ಸುಲಭ, ಓದದವರ ಮಕ್ಕಳಿಗೆ ಕಷ್ಟ.

ಸೈನಿಕರ ಮಕ್ಕಳಿಗೆ, ಭಾರತದಲ್ಲಿ ಎಲ್ಲಿಗೆ ಬೇಕಾದರೂ ವರ್ಗವಾಗುವ ನೌಕರಿಯವರ ಮಕ್ಕಳಿಗೆ ಪ್ರತ್ಯೇಕ ಕ್ಲಾಸುಗಳಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂಥ ಕಡೆಗೆ ಹೊರರಾಜ್ಯದಿಂದ ವರ್ಗವಾಗಿ ಬರುವವರು ಮೊದಲು ಓದಬೇಕಾದದ್ದು ಇದೇ ಕ್ಲಾಸುಗಳನ್ನು. ಸ್ವಂತ ಊರು ಎಂದು ಕೆಲಸಕ್ಕೆ ಸೇರುವಾಗ ಏನು ಬರೆಸಿದ್ದೀರಿ, ಕರ್ನಾಟಕದಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದೀರಿ, ಮಗು ಇಲ್ಲಿ ಏನು ಓದಿದೆ ಎನ್ನುವುದರ ಮೇಲೆ ಅದು ನಿಂತಿದೆ. ಕಚೇರಿಯಿಂದ ಕೆಇಎ ಕೊಟ್ಟಿರುವ ನಮೂನೆಯಲ್ಲೇ ಪತ್ರ ತರಬೇಕು. ಅದೇ ಊರಿನಲ್ಲಿ ಖಾಸಗಿ ಕಂಪನಿಗೆ ವರ್ಗವಾಗಿ ಬಂದವರಿಗೆ ಈ ರಿಯಾಯಿತಿ ಇಲ್ಲ.

ಇನ್ನು ಗಡಿನಾಡು ಕನ್ನಡಿಗರು. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೆ ಕರ್ನಾಟಕದಲ್ಲಿ ಓದದೆಯೂ ಅರ್ಹತೆ ಇದೆ. ಹೊರನಾಡು ಕನ್ನಡಿಗರಿಗೂ ಒಂದು ಕ್ಲಾಸಿದೆ. ಇವರಿಗೆ ಕೆಇಎ ಒಂದು ಕನ್ನಡ ಪರೀಕ್ಷೆ ಇಡುತ್ತದೆ, ಅದನ್ನು ಪಾಸಾಗಬೇಕು. ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಬರೆಯಲು ಬರುವುದಿಲ್ಲ ಎನ್ನುವ ಮಕ್ಕಳು ಈ ಪರೀಕ್ಷೆಗೆ ಮೊದಲೇ ತಯಾರಾಗುವುದು ಒಳ್ಳೆಯದು.

ಒಂದೇ ಹುಡುಗ, ಎರಡು ರಾಜ್ಯ

ತುಮಕೂರಿನ ಹುಡುಗ 10ನೇ ಕ್ಲಾಸಿನವರೆಗೆ ಇಲ್ಲೇ ಓದಿ, ಜೆಇಇ ಕೋಚಿಂಗ್‌ಗೆಂದು ಕೋಟಾಕ್ಕೆ ಹೋಗಿ ಅಲ್ಲೇ 12ನೇ ಕ್ಲಾಸು ಪಾಸಾದ. ಇವನು ಯಾವ ರಾಜ್ಯದವನು? ಸಿಇಟಿಗೆ ಕರ್ನಾಟಕದವನು: ಹತ್ತು ವರ್ಷ ಇಲ್ಲಿ, ಎಸ್ಸೆಸ್ಸೆಲ್ಸಿಯೂ ಇಲ್ಲಿ. ಆದರೆ ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ತವರು ರಾಜ್ಯದವರಿಗೆ ಮೀಸಲು, ಅಲ್ಲಿ ತವರು ರಾಜ್ಯ ಎಂದರೆ ಮೊದಲ ಬಾರಿಗೆ 12ನೇ ತರಗತಿ ಪಾಸಾದ ರಾಜ್ಯ. ಆ ಲೆಕ್ಕದಲ್ಲಿ ಇವನು ರಾಜಸ್ಥಾನದವನು! ಸುರತ್ಕಲ್‌ನಲ್ಲಿ ಹೊರಗಿನವರ ಸಾಲಿನಲ್ಲಿ ನಿಲ್ಲಬೇಕು. ಕೋಚಿಂಗ್‌ಗೆ ಲಕ್ಷಗಟ್ಟಲೆ ಕಟ್ಟುವಾಗ ಈ ಮಾತನ್ನು ಹೇಳುವವರು ಕಡಿಮೆ.

ಹೈದರಾಬಾದಿಗೆ ಹೋದವರಿಗೆ ಇನ್ನೊಂದು ಪೆಟ್ಟು. ತೆಲಂಗಾಣದ ಮೆಡಿಕಲ್ ಸೀಟಿಗೆ ಸ್ಥಳೀಯರು ಎನಿಸಿಕೊಳ್ಳಲು 12ನೇ ತರಗತಿಗೆ ಕೊನೆಯಾಗುವಂತೆ ಸತತ ನಾಲ್ಕು ವರ್ಷ ಅಲ್ಲೇ ಓದಿರಬೇಕು. ಈ ನಿಯಮವನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದಿದೆ. ಎರಡು ವರ್ಷದ ಇಂಟರ್ ಓದಿ ಬಂದ ಮಾತ್ರಕ್ಕೆ ಅಲ್ಲಿಯವರಾಗುವುದಿಲ್ಲ.

ಡೀಮ್ಡ್ ಯೂನಿವರ್ಸಿಟಿಗಳ ಎಂಬಿಬಿಎಸ್ ಸೀಟಿನ ವಿಷಯದಲ್ಲಿ ಈ ಜಗಳವೇ ಇಲ್ಲ. ತುಮಕೂರಿನ ಶ್ರೀ ಸಿದ್ಧಾರ್ಥ ಮೆಡಿಕಲ್ ಕಾಲೇಜು ಡೀಮ್ಡ್ ಯೂನಿವರ್ಸಿಟಿಗೆ ಸೇರಿದ್ದು. ಅಂಥ ಕಡೆ ಸೀಟು ನೀಟ್ ರ‍್ಯಾಂಕಿನ ಮೇಲೆ ಕೇಂದ್ರದ ಕೌನ್ಸೆಲಿಂಗ್‌ನಲ್ಲಿ. ಕಾಲೇಜು ಮನೆ ಪಕ್ಕದಲ್ಲೇ ಇದೆ ಎಂದು ಫೀಸು ಇಳಿಯುವುದಿಲ್ಲ. ಬಿಎ, ಬಿಎಸ್ಸಿ, ಬಿಕಾಂಗೂ ಏಳು ವರ್ಷದ ಈ ನಿಯಮ ಅನ್ವಯವಾಗದು. ಗುಬ್ಬಿ, ಕುಣಿಗಲ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಸೇರುವ ಹೊರರಾಜ್ಯದ ಬೋರ್ಡಿನ ಮಕ್ಕಳು ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ ಪಡೆಯಬೇಕಾಗುತ್ತದೆ, ಅಷ್ಟೆ.

ರಾಜ್ಯದೊಳಗೇ ಊರು ಬದಲಾದರೆ?

ಜಿಲ್ಲೆ ಬದಲಾದರೆ ಏನೂ ಆಗದು. ಹಳ್ಳಿಯಿಂದ ಪಟ್ಟಣಕ್ಕೆ ಬದಲಾದರೆ ಆಗುತ್ತದೆ, ತುಮಕೂರು ಸುತ್ತಿನವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಗ್ರಾಮೀಣ ಅಭ್ಯರ್ಥಿಗಳಿಗೆ ಸರ್ಕಾರಿ ಸೀಟಿನಲ್ಲಿ ಶೇ 15ರಷ್ಟು ಮೀಸಲಿದೆ. ಆದರೆ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹಾಗಲವಾಡಿಯಲ್ಲಿ ಏಳನೇ ಕ್ಲಾಸು ಮುಗಿಸಿದ ಹುಡುಗಿಯನ್ನು "ಸಿಟಿ ಹೈಸ್ಕೂಲು ಚೆನ್ನಾಗಿದೆ" ಎಂದು ತುಮಕೂರಿಗೆ ಸೇರಿಸಿದರೆ, ಮನೆ ಹಳ್ಳಿಯಲ್ಲೇ ಇದ್ದರೂ, ಅವಳು ದಿನಾ ಬಸ್ಸಿನಲ್ಲೇ ಓಡಾಡಿದರೂ ಆ ಮೀಸಲಾತಿ ಹೋಯಿತು. ಗುಬ್ಬಿ ಪಟ್ಟಣ, ಕುಣಿಗಲ್ ಪಟ್ಟಣದ ಶಾಲೆಗಳೂ ಗ್ರಾಮೀಣವಲ್ಲ. ಒಂದು ಪಟ್ಟಣ ಪಂಚಾಯಿತಿ, ಇನ್ನೊಂದು ಪುರಸಭೆ. ಹತ್ತನೇ ಕ್ಲಾಸಿಗೆ ಟಿಸಿ ತೆಗೆದು ಹಳ್ಳಿ ಶಾಲೆಗೆ ಹಾಕಿದರೆ ಗ್ರಾಮೀಣ ಕೋಟಾ ಸಿಗುತ್ತದೆ ಎಂಬ ಇನ್ನೊಂದು ಫಾರ್ವರ್ಡ್ ಬಂದರೆ ಅದನ್ನೂ ಅಳಿಸಿಹಾಕಿ. ಕನ್ನಡ ಮಾಧ್ಯಮದ ಶೇ 5ಕ್ಕೂ ಇದೇ ಹತ್ತು ವರ್ಷದ ಲೆಕ್ಕ.

ಇದಕ್ಕೆ ತದ್ವಿರುದ್ಧವಾದದ್ದು ಕಲ್ಯಾಣ ಕರ್ನಾಟಕದ 371ಜೆ. ಅಲ್ಲಿ ಹುಟ್ಟು ಮತ್ತು ದೀರ್ಘಕಾಲದ ವಾಸ ಲೆಕ್ಕಕ್ಕೆ ಬರುತ್ತದೆ. ರಾಯಚೂರಿನಿಂದ ತುಮಕೂರಿಗೆ ಕೆಲಸಕ್ಕೆ ಬಂದ ಕುಟುಂಬ ಉಪವಿಭಾಗಾಧಿಕಾರಿಯಿಂದ ಅರ್ಹತಾ ಪತ್ರ ಪಡೆದಿದ್ದರೆ, ಮಗು ತುಮಕೂರಿನಲ್ಲಿ ಓದಿದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ. ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕರ್ನಾಟಕದಲ್ಲಿ ಶೇ 8 ಸೀಟು ಅವರಿಗೆ. ತುಮಕೂರಿನವರು ಅಲ್ಲಿ ಮನೆ ಮಾಡಿ ಒಂದು ವರ್ಷಕ್ಕೆ ಇದನ್ನು ಪಡೆಯಲು ಆಗದು.

ಜಾತಿ ಪ್ರಮಾಣಪತ್ರದ ವಿಷಯ ಬೇರೆಯೇ ಇದೆ, ಹೇಳುವುದಕ್ಕೂ ಬೇಸರ. ಆಂಧ್ರದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಕುಟುಂಬ ಇಲ್ಲಿಗೆ ಬಂದರೆ, ಅದೇ ಹೆಸರಿನ ಜಾತಿ ಇಲ್ಲಿನ ಪಟ್ಟಿಯಲ್ಲಿ ಇದ್ದರೂ, ಇಲ್ಲಿನ ಮೀಸಲಾತಿ ಸಿಗುವುದಿಲ್ಲ. 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿತು. ಅದೂ ಮುಂಬಯಿಯ ಮೆಡಿಕಲ್ ಸೀಟಿನ ಜಗಳವೇ. ಮಗು ಏಳು ವರ್ಷ ಇಲ್ಲಿ ಓದಿ ಸಿಇಟಿಗೆ ಅರ್ಹವಾಗಬಹುದು, ಆದರೆ ಸಾಮಾನ್ಯ ವರ್ಗದಲ್ಲಿ. ಊರು ಬದಲಾದರೆ ಜಾತಿಯ ನೋವು ಹಿಂದೆ ಉಳಿಯುತ್ತದೆ ಎಂದು ಯಾರೂ ನಂಬುವುದಿಲ್ಲ, ಕಾಗದ ಮಾತ್ರ ಹಿಂದೆ ಉಳಿಯುತ್ತದೆ.

"ಇದು ಸಂವಿಧಾನಕ್ಕೆ ವಿರುದ್ಧ ಅಲ್ಲವಾ?"

ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಹಳೆಯ ಉತ್ತರ 1955ರದು. ಇಂದೋರ್‌ನ ಮೆಡಿಕಲ್ ಕಾಲೇಜು ಆಗಿನ ಮಧ್ಯಭಾರತ ರಾಜ್ಯದವರನ್ನು ಬಿಟ್ಟು ಹೊರಗಿನವರಿಂದ ಮಾತ್ರ ಕ್ಯಾಪಿಟೇಶನ್ ಫೀಸು ತೆಗೆದುಕೊಳ್ಳುತ್ತಿತ್ತು. ದೆಹಲಿಯ ಡಿ.ಪಿ. ಜೋಶಿ ಎಂಬ ವಿದ್ಯಾರ್ಥಿ ಸುಪ್ರೀಂ ಕೋರ್ಟಿಗೆ ಹೋದರು. ಹುಟ್ಟಿದ ಊರಿನ ಆಧಾರದ ಮೇಲೆ ಭೇದ ಮಾಡಬಾರದು ಎಂದು ಸಂವಿಧಾನ ಹೇಳುತ್ತದೆ, ವಾಸದ ಆಧಾರದ ಮೇಲೆ ಅಲ್ಲ ಎಂದು ಬಹುಮತದ ತೀರ್ಪು ಬಂತು. 1971ರಲ್ಲಿ ನಮ್ಮದೇ ರಾಜ್ಯದ ಪ್ರಕರಣ. ಆಗಿನ್ನೂ ಮೈಸೂರು ರಾಜ್ಯ. ಮೆಡಿಕಲ್ ಸೀಟಿಗೆ ಕನಿಷ್ಠ ಹತ್ತು ವರ್ಷ ರಾಜ್ಯದಲ್ಲಿ ವಾಸವಿರಬೇಕು ಎಂಬ ನಿಯಮವನ್ನು ವಸುಂಧರಾ ಎನ್ನುವವರು ಪ್ರಶ್ನಿಸಿದರು, ಕೋರ್ಟು ನಿಯಮವನ್ನೇ ಉಳಿಸಿತು. ಇಲ್ಲಿ ಓದಿದವರು ಇಲ್ಲೇ ಉಳಿದು ಸೇವೆ ಮಾಡುತ್ತಾರೆ ಎನ್ನುವ ವಾದ ಇಂಥ ತೀರ್ಪುಗಳ ಬೆನ್ನಿಗಿದೆ.

ಆದರೆ ಮಿತಿಯೂ ಇದೆ. ಎಲ್ಲ ಸೀಟನ್ನೂ ಊರಿನವರಿಗೇ ಇಡುವಂತಿಲ್ಲ ಎಂದು 1984ರ ಪ್ರದೀಪ್ ಜೈನ್ ತೀರ್ಪು ಹೇಳಿತು. ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳ ಶೇ 15 ಎಂಬಿಬಿಎಸ್ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಏಳು ವರ್ಷ ತುಂಬದ ತುಮಕೂರಿನ ಮಗುವಿಗೆ ಕಡಿಮೆ ಫೀಸಿನ ಒಂದು ಬಾಗಿಲು ಅದು. ಸ್ನಾತಕೋತ್ತರ ಮೆಡಿಕಲ್ ಸೀಟಿಗೆ ಕರ್ನಾಟಕ ಹಾಕಿದ್ದ ವಾಸದ ಷರತ್ತುಗಳನ್ನು ಕೋರ್ಟು 2014ರಲ್ಲೂ 2018ರಲ್ಲೂ ತಳ್ಳಿಹಾಕಿತ್ತು. ಪಿಜಿಗೆ ವಾಸದ ಮೀಸಲಾತಿಯೇ ಸಲ್ಲದು ಎಂದು 2025ರ ಜನವರಿಯಲ್ಲಿ ಇಡೀ ದೇಶಕ್ಕೆ ಅನ್ವಯಿಸಿ ಹೇಳಿತು. ಎಂಬಿಬಿಎಸ್ ಮಟ್ಟದಲ್ಲಿ ಮಾತ್ರ ಊರಿನ ಲೆಕ್ಕ ಉಳಿದಿದೆ.

ಈಗಲೇ ಮಾಡಬಹುದಾದದ್ದು

ಮಗು ಹೈಸ್ಕೂಲಿನಲ್ಲಿ ಇರುವಾಗಲೇ 1ನೇ ತರಗತಿಯಿಂದ ಪ್ರತಿ ವರ್ಷ ಯಾವ ಶಾಲೆ, ಯಾವ ಊರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಿಇಟಿ ಅರ್ಜಿಯಲ್ಲಿ ಸ್ಯಾಟ್ಸ್ ನಂಬರ್ ಕೇಳುತ್ತಾರೆ, ಶಾಲೆ ಬದಲಾಯಿಸಿದಾಗ ಅದು ಸರಿಯಾಗಿ ವರ್ಗವಾಗಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ತಾಲ್ಲೂಕಿನಲ್ಲಿ ಓದಿದ್ದರೆ ಎರಡು ಬಿಇಒ ಕಚೇರಿ ಅಲೆಯಬೇಕಾದೀತು, ಬೇಸಿಗೆ ರಜೆಯಲ್ಲಿ ಮುಗಿಸಿ. ಯಾವ ಕ್ಲಾಸಿನಡಿ ಅರ್ಜಿ ಎಂಬುದನ್ನು ಆ ವರ್ಷದ ಕೆಇಎ ಮಾಹಿತಿ ಪುಸ್ತಕ ತೆರೆದು ನೋಡಿಯೇ ಗುರುತಿಸಿ, ಹೋದ ವರ್ಷ ಪಕ್ಕದ ಮನೆಯವರು ಏನು ಮಾಡಿದರು ಎಂದು ಕೇಳಿ ಅಲ್ಲ.

"ಹತ್ತು ಸಾವಿರ ಕೊಡಿ, ಏಳು ವರ್ಷದ ಸರ್ಟಿಫಿಕೇಟು ಮಾಡಿಸಿಕೊಡುತ್ತೇನೆ" ಎನ್ನುವವರು ಸಿಕ್ಕರೆ ಇಷ್ಟು ನೆನಪಿರಲಿ: ದಾಖಲೆ ಸುಳ್ಳೆಂದು ಎರಡನೇ ವರ್ಷದಲ್ಲಿ ಗೊತ್ತಾದರೂ ಸೀಟು ರದ್ದಾಗಬಹುದು, ಕಟ್ಟಿದ ಫೀಸು ಮತ್ತು ಕಳೆದ ವರ್ಷ ಎರಡೂ ಹೋಗುತ್ತವೆ, ಪೊಲೀಸ್ ಕೇಸು ಬಿದ್ದರೆ ಅದರಲ್ಲಿ ಮಗುವಿನ ಹೆಸರೂ ಇರುತ್ತದೆ.